ವೆಟೊರಿಲ್ ಕ್ಯಾಪ್ಸೂಲ್: ಪುಟ್ಟ ನಾಯಿಯ ಕುಶಿಂಗ್ಸ್‌ಗೆ ಹೇಗೆ?

ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾಗುವ ಕಾಯಿಲೆಯೇ ಕುಶಿಂಗ್ಸ್. ವೆಟೊರಿಲ್‌ನಲ್ಲಿರುವ ಟ್ರೈಲೋಸ್ಟೇನ್ ಎಂಬ ಔಷಧ ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸಾಲ್ ತಯಾರಾಗುವುದನ್ನು ತಗ್ಗಿಸುತ್ತದೆ. ಕಾಯಿಲೆಗೆ ಮೂಲವಾದ ಗಡ್ಡೆಯನ್ನೇನೂ ಕರಗಿಸುವುದಿಲ್ಲ. ಐದಾರು ಕಿಲೋ ತೂಗುವ ನಾಯಿಗೆ ಇದರ 5 ಮತ್ತು 10 ಮಿ.ಗ್ರಾಂ. ಕ್ಯಾಪ್ಸೂಲುಗಳೇ ದೊಡ್ಡ ಅನುಕೂಲ. ದೊಡ್ಡ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಪಾಲು ಮಾಡುವಂತಿಲ್ಲ: ಪ್ರಮಾಣ ತಪ್ಪುತ್ತದೆ, ಪುಡಿ ಕೈಗೂ ಅಂಟುತ್ತದೆ. ಗರ್ಭಿಣಿಯರಂತೂ ಮುಟ್ಟದಿರುವುದೇ ಸರಿ.

ಊಟದ ಜೊತೆಗೇ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಕೊಡಬೇಡಿ. ಮೊದಲ ಎಸಿಟಿಎಚ್ ಪರೀಕ್ಷೆ (ಕಾರ್ಟಿಸಾಲ್ ಮಟ್ಟ ನೋಡುವ ರಕ್ತಪರೀಕ್ಷೆ) ಔಷಧ ಶುರುವಾದ 10ರಿಂದ 14 ದಿನಕ್ಕೆ, ಕ್ಯಾಪ್ಸೂಲ್ ಕೊಟ್ಟ 4ರಿಂದ 6 ಗಂಟೆಯೊಳಗೆ. ರಕ್ತಪರೀಕ್ಷೆಯೆಂದು ಅಂದು ನಾಯಿಯನ್ನು ಉಪವಾಸ ಕೆಡವಿದರೆ ಫಲಿತಾಂಶ ನಂಬುವಂತಿರುವುದಿಲ್ಲ. ಮಾತ್ರೆಗಿಂತ ಈ ಪರೀಕ್ಷೆಗಳ ಖರ್ಚೇ ಭಾರವೆನಿಸುವುದುಂಟು, ಆದರೆ ಬಿಡುವಂತಿಲ್ಲ.

ಈ ಕಾಯಿಲೆಯ ಅತಿ ನೀರಡಿಕೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಉದುರಿದ ಕೂದಲು ಮತ್ತೆ ಬರಲು ತಿಂಗಳುಗಳೇ ಬೇಕು. ಬಟ್ಟಲಿಗೆ ನೀರು ಅಳೆದು ಹಾಕಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿ.ಲೀ. ದಾಟಿದರೆ ಹೆಚ್ಚೇ.

ಸದಾ ಹಸಿದಿರುತ್ತಿದ್ದ ನಾಯಿ ಊಟಕ್ಕೆ ಮೂತಿ ತಿರುಗಿಸಿದರೆ ಗುಣವಾಯಿತೆಂದು ಹಿಗ್ಗಬೇಡಿ. ವಾಂತಿ, ಭೇದಿ, ನಿಶ್ಶಕ್ತಿಯಂತೆ ಇದೂ ಕಾರ್ಟಿಸಾಲ್ ತೀರಾ ಕುಸಿದ ಸೂಚನೆಯಿರಬಹುದು. ಔಷಧ ನಿಲ್ಲಿಸಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ.