ಮಾವು, ಕಲ್ಲಂಗಡಿ, ಪುನರ್ಪುಳಿ: ಮನೆಯಲ್ಲಿ ಸೋರ್ಬೆ ಮಾಡುವ ನಾಲ್ಕು ವಿಧಾನಗಳ ಹೋಲಿಕೆ

ಈ ಬೇಸಿಗೆಯಲ್ಲಿ, ಮಾರ್ಚ್ ಕೊನೆಯಿಂದ ಮೊದಲ ಮಳೆ ಬೀಳುವವರೆಗೆ, ಉಡುಪಿಯ ನಮ್ಮ ಮನೆಯಲ್ಲಿ ಒಟ್ಟು ಹದಿನೇಳು ಬಾರಿ ಸೋರ್ಬೆ ಮಾಡಿದೆ. ಹಾಲು, ಕೆನೆ ಯಾವುದನ್ನೂ ಸೇರಿಸದೆ, ಹಣ್ಣಿನ ತಿರುಳು, ಸಕ್ಕರೆ, ನೀರು ಮತ್ತು ತುಸು ಲಿಂಬೆರಸದ ಮಿಶ್ರಣವನ್ನು ಚಮಚಕ್ಕೆ ಮೆತ್ತಗೆ ಬರುವಂತೆ ಹೆಪ್ಪುಗಟ್ಟಿಸಿದ ತಿನಿಸು ಅದು. ಹೆಸರು ದೂರದ್ದೆನಿಸಿದರೂ ನಮ್ಮ ಶರಬತ್ತಿಗೂ ಅದಕ್ಕೂ ಮೂಲ ಒಂದೇ. ಎರಡೂ ‘ಕುಡಿ’ ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದವು. ಗಡ್‌ಬಡ್ ತಿಂದು ಬೆಳೆದ ಊರಿನವರಿಗೆ ಹಾಲಿಲ್ಲದ ಐಸ್‌ಕ್ರೀಮು ಏನೋ ಕೊರತೆಯುಳ್ಳದ್ದಾಗಿ ಕಾಣುವುದು ಸಹಜವೇ. ಆದರೆ ಏಪ್ರಿಲ್ ತಿಂಗಳ ಬೆವರಿನಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಕೆನೆಯ ಜಿಡ್ಡಿಗಿಂತ ಹಣ್ಣಿನ ಹುಳಿಸಿಹಿಯೇ ನಾಲಿಗೆಗೆ ಹೆಚ್ಚು ಹಿತವೆನಿಸುತ್ತದೆ.

ನಾನು ಹೋಲಿಸಿದ್ದು ನಾಲ್ಕು ವಿಧಾನಗಳನ್ನು: ಅಗಲವಾದ ತಟ್ಟೆಯಲ್ಲಿಟ್ಟು ಫೋರ್ಕಿನಿಂದ ಕೆರೆಯುವುದು, ಗಟ್ಟಿಯಾದ ತುಂಡುಗಳನ್ನು ಮಿಕ್ಸಿಯಲ್ಲಿ ರುಬ್ಬುವುದು, ಮಂಜುಗಡ್ಡೆ ಮತ್ತು ಕಲ್ಲುಪ್ಪಿನ ನಡುವೆ ಪಾತ್ರೆಯಿಟ್ಟು ಕೈಯಿಂದ ತಿರುಗಿಸುವುದು, ಮತ್ತು ವಿದ್ಯುತ್ತಿನ ಸಣ್ಣ ಐಸ್‌ಕ್ರೀಮ್ ಯಂತ್ರ. ಇವುಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ಹೊರಟವಳಿಗೆ, ಹಣ್ಣು ಯಾವುದೆಂದು ಹೇಳದೆ ಆ ಪ್ರಶ್ನೆಯನ್ನು ಕೇಳುವುದೇ ತಪ್ಪೆಂದು ಮೇ ತಿಂಗಳ ಹೊತ್ತಿಗೆ ಅರಿವಾಯಿತು.

ವಿಧಾನಗಳಿಗೆ ಬರುವ ಮೊದಲು ಸಕ್ಕರೆಯ ಲೆಕ್ಕವನ್ನು ಹೇಳಬೇಕು, ಏಕೆಂದರೆ ನನ್ನ ಮೊದಲ ಮೂರು ಪ್ರಯತ್ನಗಳು ಕೆಟ್ಟದ್ದು ಅದರಿಂದಲೇ. ಸಕ್ಕರೆ ಇಲ್ಲಿ ಸಿಹಿಗಾಗಿ ಮಾತ್ರ ಇರುವುದಲ್ಲ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ನೀರಿನ ಒಂದಂಶ ಮಂಜಾಗುತ್ತ ಹೋದಂತೆ ಉಳಿದ ಪಾಕ ಇನ್ನಷ್ಟು ಗಾಢವಾಗಿ, ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ದ್ರವವಾಗಿಯೇ ಉಳಿಯುತ್ತದೆ. ಮಂಜಿನ ಹರಳುಗಳ ನಡುವೆ ಉಳಿದ ಈ ಪಾಕವೇ ಸೋರ್ಬೆಯನ್ನು ಮೆತ್ತಗಿಡುವುದು. ಒಟ್ಟು ತೂಕದಲ್ಲಿ ಹಣ್ಣಿನದೂ ಸೇರಿ ಸಕ್ಕರೆ ಶೇಕಡಾ 25ರಿಂದ 30ರಷ್ಟಿದ್ದರೆ ಹದ ಸರಿಯಿರುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ಚಮಚ ಬಾಗುವಷ್ಟು ಗಟ್ಟಿ, 35ನ್ನು ದಾಟಿದರೆ ಎಷ್ಟು ಹೊತ್ತಿಟ್ಟರೂ ಅಂಟುಪಾಕ. ಬಾಯಿಗೆ ತಣ್ಣಗಿರುವಾಗ ಸಿಹಿ ಕಡಿಮೆ ತಿಳಿಯುವುದರಿಂದ, ಹೆಪ್ಪುಗಟ್ಟುವ ಮೊದಲು ರುಚಿ ನೋಡಿದಾಗ ಮಿಶ್ರಣ ಒಂದಿಷ್ಟು ಅತಿಯೆನಿಸುವಷ್ಟೇ ಸಿಹಿಯಾಗಿರಬೇಕು.

ಈ ಪ್ರಮಾಣವನ್ನು ಅಳೆಯಲು ಹಸಿ ಮೊಟ್ಟೆಯನ್ನು ಮಿಶ್ರಣದಲ್ಲಿ ತೇಲಿಬಿಡುವ ಹಳೆಯ ಉಪಾಯವೊಂದಿದೆ. ಮೊಟ್ಟೆಯ ಮೇಲ್ಭಾಗ ಸಣ್ಣ ನಾಣ್ಯದಷ್ಟು ಅಗಲ ಹೊರಗೆ ಕಂಡರೆ ಸಕ್ಕರೆ ಸಾಕು ಎಂದರ್ಥ. ನಮ್ಮ ಅಡುಗೆಮನೆಗೆ ಮೊಟ್ಟೆಗೆ ಪ್ರವೇಶವಿಲ್ಲವಾದ್ದರಿಂದ ನಾನು ತಕ್ಕಡಿಯನ್ನೇ ನಂಬಿದೆ. ಚೆನ್ನಾಗಿ ಮಾಗಿದ ಮಾವಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಕ್ಕರೆಯಿದೆಯೆಂದು ಹಿಡಿದು, 600 ಗ್ರಾಂ ತಿರುಳಿಗೆ 150 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಸೇರಿಸಿದರೆ, ಒಟ್ಟು 900 ಗ್ರಾಂನಲ್ಲಿ ಸಕ್ಕರೆ 246 ಗ್ರಾಂ ಆಗುತ್ತದೆ, ಅಂದರೆ ಶೇಕಡಾ 27. ಅದೇ ಪಾಕವನ್ನು ಅದೇ ಅಳತೆಯಲ್ಲಿ ಕಲ್ಲಂಗಡಿಗೆ ಹಾಕಿದ್ದು ನನ್ನ ತಪ್ಪು. ಕಲ್ಲಂಗಡಿಯಲ್ಲಿ ಸಕ್ಕರೆ ಮಾವಿನ ಅರ್ಧದಷ್ಟೇ ಇರುವುದರಿಂದ ಪ್ರಮಾಣ 22ಕ್ಕೆ ಇಳಿದು, ಮರುದಿನ ಡಬ್ಬಿಯಲ್ಲಿ ಸಿಕ್ಕಿದ್ದು ಕೆಂಪು ಇಟ್ಟಿಗೆ. ಕಲ್ಲಂಗಡಿಗೆ ನೀರನ್ನೇ ಸೇರಿಸಬಾರದು. ರಸದಲ್ಲೇ ಸ್ವಲ್ಪವನ್ನು ಬೆಚ್ಚಗೆ ಮಾಡಿ ಅದರಲ್ಲಿ ಸಕ್ಕರೆ ಕರಗಿಸಬೇಕು.

ಈಗ ತಟ್ಟೆಯ ವಿಧಾನ. ಅಂಚಿರುವ ಸ್ಟೀಲಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಎತ್ತರಕ್ಕೆ ಮಿಶ್ರಣವನ್ನು ಸುರಿದು, ಅರ್ಧ ಗಂಟೆಗೊಮ್ಮೆ ಹೊರತೆಗೆದು, ಅಂಚಿನಿಂದ ನಡುವಿಗೆ ಫೋರ್ಕಿನಿಂದ ಕೆರೆಯುತ್ತ ನಾಲ್ಕು ಗಂಟೆ ಕಾಯಬೇಕು. ಇದಕ್ಕೆ ಬೇರೆ ಸಲಕರಣೆ ಬೇಕಿಲ್ಲವೆಂಬುದು ನಿಜವಾದರೂ ಅರ್ಧ ದಿನ ಮನೆಯಿಂದ ಕದಲುವಂತಿಲ್ಲ. ಮಾವಿನ ಮಟ್ಟಿಗೆ ಇದು ಸೋತ ವಿಧಾನ. ನಿಧಾನವಾಗಿ ಹೆಪ್ಪುಗಟ್ಟುವ ಮಿಶ್ರಣದಲ್ಲಿ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ; ಬಾದಾಮಿ ಮಾವಿನ ಬೆಣ್ಣೆಯಂಥ ತಿರುಳನ್ನು ಹೀಗೆ ಮರಳುಮರಳಾಗಿಸಿ ತಿನ್ನುವುದು ಹಣ್ಣಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮಿಕ್ಸಿಯ ವಿಧಾನ ನೋಡಲು ಸುಲಭ, ಆದರೆ ಅದಕ್ಕೂ ಶಿಸ್ತು ಬೇಕು. ಮಿಶ್ರಣವನ್ನು ರಾತ್ರಿ ಐಸ್ ಟ್ರೇಗಳಲ್ಲಿ ತುಂಬಿಸಿಟ್ಟು, ಬೆಳಿಗ್ಗೆ ತುಂಡುಗಳನ್ನು ಐದು ನಿಮಿಷ ಹೊರಗಿರಿಸಿ, ಒಂದು ಸಲಕ್ಕೆ ಎಂಟು–ಹತ್ತು ತುಂಡುಗಳಂತೆ, ನಿಲ್ಲಿಸಿ ನಿಲ್ಲಿಸಿ ರುಬ್ಬಬೇಕು. ನಾನು ಮೊದಲ ದಿನ ಆತುರದಿಂದ ಜಾರನ್ನು ಮುಕ್ಕಾಲು ತುಂಬಿಸಿ ಒಂದೇ ಸಮನೆ ತಿರುಗಿಸಿದಾಗ, ಕೆಳಗಿನ ಅರ್ಧ ಬಿಸಿಗೆ ಕರಗಿ ರಸವಾಯಿತು, ಮೇಲಿನ ಅರ್ಧ ಹಾಗೆಯೇ ಉಳಿಯಿತು, ಮೋಟಾರು ನಿಂತೇ ಹೋಯಿತು. ಮಿಕ್ಸಿ ಸುಟ್ಟಿತೆಂದು ಗಾಬರಿಯಾಗಿ ರಿಪೇರಿಗೆ ಒಯ್ಯಲು ಚೀಲಕ್ಕೆ ಹಾಕಿದ ಮೇಲೆ, ಅಡಿಭಾಗದಲ್ಲಿರುವ ಕೆಂಪು ಗುಂಡಿ ಹೊರಗೆ ಹಾರಿದೆಯಷ್ಟೇ ಎಂದು ತಿಳಿಯಿತು. ಹತ್ತು ನಿಮಿಷ ತಣಿಯಲು ಬಿಟ್ಟು ಅದನ್ನು ಒತ್ತಿದರೆ ಮಿಕ್ಸಿ ಮತ್ತೆ ಚಾಲೂ ಆಗುತ್ತದೆ. ಅಂದಿನಿಂದ ಜಾರನ್ನೇ ಅರ್ಧ ಗಂಟೆ ಮೊದಲು ಫ್ರೀಜರಿನಲ್ಲಿಟ್ಟು ತಣ್ಣಗಾಗಿಸುವ ರೂಢಿ ಮಾಡಿಕೊಂಡೆ. ರುಬ್ಬಿದ್ದನ್ನು ಎರಡು ಗಂಟೆ ಪುನಃ ಫ್ರೀಜರಿನಲ್ಲಿಟ್ಟು ಇನ್ನೊಮ್ಮೆ ರುಬ್ಬಿದರೆ ಬರುವ ನಯ, ಒಂದೇ ಸಲ ರುಬ್ಬಿದಾಗ ಬರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಹರಳು ಒಡೆಯುವುದರ ಜೊತೆಗೆ ಗಾಳಿಯೂ ಸೇರಿ, ಮಾವಿನ ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ; ಅದೇ ನಿಲ್ಲಿಸುವ ಸೂಚನೆ.

ಉಪ್ಪು–ಮಂಜಿನ ವಿಧಾನಕ್ಕೆ ಭಾವನವರ ಮನೆಯ ಅಟ್ಟದಿಂದ ಕೈ ಹಿಡಿಯುಳ್ಳ ಮರದ ಪೀಪಾಯಿಯನ್ನು ಇಳಿಸಬೇಕಾಯಿತು. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ 1843ರಲ್ಲಿ ಪೇಟೆಂಟ್ ಪಡೆದ ಕೈಯಂತ್ರದ ಬಗೆಯದೇ ಅದು: ಹೊರಗೆ ಮರದ ಪಾತ್ರೆ, ಒಳಗೆ ಲೋಹದ ಡಬ್ಬ, ಡಬ್ಬದೊಳಗೆ ತಿರುಗುವ ಅಲಗು. ನಡುವಿನ ಜಾಗದಲ್ಲಿ ಮೂರು ಪಾಲು ಪುಡಿಮಂಜಿಗೆ ಒಂದು ಪಾಲು ಕಲ್ಲುಪ್ಪನ್ನು ಪದರಪದರವಾಗಿ ತುಂಬಿಸಬೇಕು. ಉಪ್ಪು ತಾಗಿದ ಮಂಜು ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಉಪ್ಪುನೀರು ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಆ ಚಳಿ ಡಬ್ಬದ ಗೋಡೆಗೆ ನೇರವಾಗಿ ತಾಗುವುದರಿಂದ ಗೋಡೆಯ ಒಳಮೈಯಲ್ಲಿ ಮಿಶ್ರಣ ಬೇಗ ಹೆಪ್ಪುಗಟ್ಟುತ್ತದೆ, ಅಲಗು ಅದನ್ನು ಕೂಡಲೇ ಕೆರೆದು ನಡುವಿಗೆ ತಳ್ಳುತ್ತದೆ, ಹರಳಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ.

ಮಂಜುಗಡ್ಡೆ ತಂದದ್ದು ಮಲ್ಪೆಯ ಐಸ್ ಪ್ಲಾಂಟಿನಿಂದ. ಮೀನಿಗೆ ಹಾಕುವ ಮಂಜು ಒಳಗೆ ಬರಬಾರದೆಂದು ಅತ್ತೆಯವರು ಹೊಸ್ತಿಲಲ್ಲೇ ತಡೆದುದರಿಂದ ಕೆಲಸವೆಲ್ಲ ಅಂಗಳದ ಮಾವಿನ ಮರದ ಕೆಳಗೆ ನಡೆಯಿತು. ಮಂಜು ಡಬ್ಬದ ಹೊರಗಿದ್ದುದರಿಂದ ತಿನ್ನುವುದಕ್ಕೆ ಅವರ ಆಕ್ಷೇಪವಿರಲಿಲ್ಲ. ಇಬ್ಬರು ಸರದಿಯಲ್ಲಿ ಇಪ್ಪತ್ತೈದು ನಿಮಿಷ ತಿರುಗಿಸಿದಾಗ ಹಿಡಿ ಅಲುಗಾಡದಷ್ಟು ಬಿಗಿಯಾಯಿತು. ಆ ದಿನದ ಮುಂಡಪ್ಪ ಮಾವಿನ ಸೋರ್ಬೆಗೆ ಸಾಟಿಯಾದುದನ್ನು ಮಿಕ್ಸಿಯಲ್ಲಿ ನಾನು ಈವರೆಗೆ ಮಾಡಿಲ್ಲ. ರೇಷ್ಮೆಯಂತೆ ನಯವಾಗಿದ್ದ ಅದನ್ನು ತಿಂದ ಮಕ್ಕಳು ಇದರಲ್ಲಿ ಹಾಲಿದೆಯೆಂದೇ ವಾದಿಸಿದರು. ಆದರೆ ಖರ್ಚನ್ನೂ ಶ್ರಮವನ್ನೂ ಮರೆಯುವಂತಿಲ್ಲ. ಒಂದು ಕಿಲೋಗಿಂತ ಕಡಿಮೆ ಸೋರ್ಬೆಗಾಗಿ ಹನ್ನೆರಡು ಕಿಲೋ ಮಂಜು, ನಾಲ್ಕು ಕಿಲೋ ಉಪ್ಪು ಕರಗಿ ಹೋಯಿತು. ಎರಡನೆಯ ಸಲ ಮುಚ್ಚಳದ ಸಂದಿನಿಂದ ಉಪ್ಪುನೀರು ಒಳಹೊಕ್ಕು ಇಡೀ ಡಬ್ಬ ಹಾಳಾಯಿತು. ಉಪ್ಪುನೀರನ್ನು ಮುಚ್ಚಳದ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೇ ಇರಿಸಿ, ಹೆಚ್ಚಾದುದನ್ನು ಆಗಾಗ ಹೊರಬಿಡಬೇಕು. ಹಾಗೆ ಬಿಟ್ಟ ನೀರನ್ನು ಮಲ್ಲಿಗೆ ಗಿಡದ ಬುಡಕ್ಕಂತೂ ಹರಿಯಗೊಡಬಾರದು.

ನಾದಿನಿಯಿಂದ ಎರವಲು ತಂದ ವಿದ್ಯುತ್ ಯಂತ್ರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದರ ಬೋಗುಣಿಯನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟು ಪೂರ್ತಿ ಗಟ್ಟಿಯಾಗಿಸಬೇಕು. ಬೋಗುಣಿಯನ್ನು ಅಲುಗಿಸಿದಾಗ ಒಳಗಿನ ದ್ರವ ಕುಲುಕಿದ ಸದ್ದು ಕೇಳಿಸಿದರೆ ಅಂದು ಸೋರ್ಬೆ ಆಗುವುದಿಲ್ಲ. ಮೇ ತಿಂಗಳಲ್ಲಿ ಸಂಜೆ ಗುಡುಗಿದೊಡನೆ ಕರೆಂಟು ಹೋಗುವ ನಮ್ಮ ಬೀದಿಯಲ್ಲಿ ಆ ಬೋಗುಣಿ ಮೂರು ಸಲದಲ್ಲಿ ಒಂದೇ ಸಲ ಸರಿಯಾಗಿ ಹೆಪ್ಪುಗಟ್ಟಿತು. ಆ ಒಂದು ಸಲದ ಫಲಿತಾಂಶ ಪೀಪಾಯಿಗಿಂತ ತುಸು ಕೆಳಗೆ, ಮಿಕ್ಸಿಗಿಂತ ತುಸು ಮೇಲೆ. ಬೋಗುಣಿಯಷ್ಟು ಜಾಗ ಫ್ರೀಜರಿನಲ್ಲಿ ಸದಾ ಖಾಲಿಯಿರುವ ಮನೆಯವರು ಕೊಳ್ಳಬಹುದು. ನಮ್ಮದರಲ್ಲಿ ತುರಿದ ತೆಂಗಿನಕಾಯಿಗೂ ಹಲಸಿನ ತೊಳೆಗೂ ಅದೇ ಜಾಗ.

ಇಷ್ಟೆಲ್ಲ ಮಾವಿನ ಮಾತಾಯಿತು. ಎಣಿಕೆಯನ್ನು ತಲೆಕೆಳಗು ಮಾಡಿದ್ದು ಪುನರ್ಪುಳಿ, ಅಂದರೆ ಕೋಕಂ. ಒಣಗಿದ ಸಿಪ್ಪೆ 50 ಗ್ರಾಂ ತೆಗೆದುಕೊಂಡು, 600 ಮಿಲಿಲೀಟರ್ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ ಸೋಸಿದ ರಸಕ್ಕೆ 230 ಗ್ರಾಂ ಸಕ್ಕರೆ, ಹುರಿದು ಪುಡಿಮಾಡಿದ ಜೀರಿಗೆ ಒಂದು ಚಿಟಿಕೆ, ಉಪ್ಪು ಅದಕ್ಕೂ ಕಡಿಮೆ. ಸಕ್ಕರೆ ಇಷ್ಟೊಂದೇ ಎಂದು ಬೆರಗಾಗಬೇಕಿಲ್ಲ; ಸಿಪ್ಪೆಯಿಂದ ಬರುವ ಸಿಹಿ ಗಣನೆಗೆ ಸಿಗದಷ್ಟು ಅಲ್ಪ, ಹುಳಿಯೋ ಧಾರಾಳ. ಇದನ್ನು ಮಿಕ್ಸಿಯಲ್ಲಿ ರುಬ್ಬಿದಾಗ ಬಂದದ್ದು ನೀರುನೀರಾದ ಗುಲಾಬಿ ನೊರೆ, ಬಟ್ಟಲಿಗೆ ಹಾಕಿದ ಮೂರೇ ನಿಮಿಷಕ್ಕೆ ಕೆಳಗೆ ರಸ ಮೇಲೆ ಮಂಜು. ಕಾರಣ ಸ್ಪಷ್ಟ: ಮಾವಿನ ತಿರುಳಿನಲ್ಲಿರುವ ನಾರು ಮತ್ತು ಪೆಕ್ಟಿನ್ ಕರಗಿದ ಪಾಕವನ್ನು ಹಿಡಿದಿಡುತ್ತವೆ, ಸೋಸಿದ ಪುನರ್ಪುಳಿ ರಸದಲ್ಲಿ ಹಾಗೆ ಹಿಡಿದಿಡುವ ವಸ್ತುವೇ ಇಲ್ಲ. ಸೀಯಾಳದ ಗಂಜಿಯನ್ನು, ಅಂದರೆ ಒಳಗಿನ ಎಳೆಯ ತಿರುಳನ್ನು, ನುಣ್ಣಗೆ ಅರೆದು ಸೇರಿಸಿ ನೋಡಿದೆ. ಮೈಕಟ್ಟು ಬಂತು, ಆದರೆ ಆ ಮಾಣಿಕ್ಯದ ಬಣ್ಣ ಮಸುಕಾಯಿತು, ಹುಳಿಯ ಮೊನೆಯೂ ಮೊಂಡಾಯಿತು. ಕೊನೆಗೆ, ಮಾವಿಗೆ ಒಗ್ಗದೆಂದು ಬದಿಗಿಟ್ಟಿದ್ದ ತಟ್ಟೆ–ಫೋರ್ಕನ್ನೇ ಮತ್ತೆ ಹಿಡಿದೆ. ದೊಡ್ಡ ಹರಳುಗಳು ಇಲ್ಲಿ ದೋಷವಲ್ಲ, ಅವೇ ಸೊಗಸು: ಹಲ್ಲಿಗೆ ಗರಿಗರಿಯಾಗಿ ಒಡೆಯುವ ಒಂದೊಂದು ಹರಳೂ ತುಸು ತಡವಾಗಿ ಕರಗುತ್ತ, ಹುಳಿಯನ್ನು ಒಮ್ಮೆಗೇ ಸುರಿಯದೆ ಕಂತುಕಂತಾಗಿ ಬಿಡುತ್ತದೆ. ಇಟಲಿಯವರು ಗ್ರಾನಿತಾ ಎಂದು ಕರೆಯುವುದು ಈ ಬಗೆಯನ್ನೇ. ಕಲ್ಲಂಗಡಿಯಲ್ಲೂ ಇದೇ ಅನುಭವವಾಯಿತು. ಅನಾನಸು ಎರಡಕ್ಕೂ ಒಗ್ಗುತ್ತದೆ, ನಾರನ್ನು ಸೋಸುವ ತಾಳ್ಮೆಯಿದ್ದರೆ ಮಿಕ್ಸಿ, ಇಲ್ಲದಿದ್ದರೆ ತಟ್ಟೆ.

ಆದ್ದರಿಂದ ನನ್ನ ಆಯ್ಕೆ ಹೀಗಿದೆ: ತಿರುಳುಳ್ಳ ಹಣ್ಣಿಗೆ ಎರಡು ಸಲ ರುಬ್ಬುವ ಮಿಕ್ಸಿ, ಸೋಸಿದ ರಸಕ್ಕೆ ತಟ್ಟೆ, ರಜೆಯಲ್ಲಿ ಹದಿನೈದು ಜನ ಸೇರಿದ ದಿನ, ತಿರುಗಿಸಲು ಎಳೆಯ ತೋಳುಗಳಿದ್ದರೆ ಮಾತ್ರ, ಪೀಪಾಯಿ.

ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂದು ಮನೆಗೆ ಬಂದವರೆಲ್ಲ ಕೇಳಿದರು. ಹಾಕಬಹುದು, ಆದರೆ ಎಲ್ಲದಕ್ಕೂ ಅಲ್ಲ. ಜೋನಿಬೆಲ್ಲದಲ್ಲಿ ಸಕ್ಕರೆಯ ಒಂದಂಶ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿರುತ್ತದೆ. ಈ ಚಿಕ್ಕ ಅಣುಗಳು ಹೆಪ್ಪುಗಟ್ಟುವ ಬಿಂದುವನ್ನು ಇನ್ನಷ್ಟು ಇಳಿಸುವುದರಿಂದ ಸೋರ್ಬೆ ಸಕ್ಕರೆಯದಕ್ಕಿಂತ ಮೆತ್ತಗಿರುತ್ತದೆ. ಮಾವಿನಲ್ಲಿ ಅದರ ಕಮಟು ಪರಿಮಳ ಹಣ್ಣನ್ನೇ ಮುಚ್ಚಿಬಿಟ್ಟಿತು. ಕರಬೂಜದ ಬಗೆಯ ಇಬ್ಬುಡ್ಲು ಹಣ್ಣಿಗೆ ಮಾತ್ರ ಅದು ಹೇಳಿ ಮಾಡಿಸಿದ ಜೋಡಿ. ಬೆಲ್ಲ ಹಾಕಿಯೇ ತಿನ್ನುವ ಹಣ್ಣಲ್ಲವೇ ಅದು. ಹಿಟ್ಟಿನಂಥ ಅದರ ತಿರುಳು ಮಿಕ್ಸಿಯ ಒಂದೇ ಸುತ್ತಿಗೆ ನಯವಾಗುತ್ತದೆ. ಅತ್ತೆಯವರು ಎರಡನೆಯ ಬಟ್ಟಲು ಕೇಳಿದ್ದು ಇದೊಂದಕ್ಕೇ.

ಯಾವ ವಿಧಾನದಲ್ಲಿ ಮಾಡಿದರೂ ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು. ಮೈಗೆ ತಾಗುವಂತೆ ಬಾಡಿಸಿದ ಬಾಳೆಎಲೆಯನ್ನು ಹಾಸಿ ಮುಚ್ಚಳ ಬಿಗಿದರೆ ಮೇಲ್ಪದರದಲ್ಲಿ ಹಿಮ ಕಟ್ಟುವುದು ಕಡಿಮೆಯಾಗುತ್ತದೆ, ಆದರೆ ಕರೆಂಟು ಹೋಗಿ ಬಂದು ಅರೆಕರಗಿ ಮತ್ತೆ ಗಟ್ಟಿಯಾದ ಸೋರ್ಬೆಯಲ್ಲಿ ಹರಳು ದಪ್ಪಗಾಗುವುದನ್ನು ಎಲೆ ತಡೆಯಲಾರದು. ಮಾವಿನದನ್ನು ಇನ್ನೊಮ್ಮೆ ರುಬ್ಬಿ ಸರಿಪಡಿಸಿದೆ. ಹತ್ತು ದಿನ ಮೂಲೆಯಲ್ಲಿ ಮರೆತುಹೋಗಿದ್ದ ಪುನರ್ಪುಳಿಯ ಡಬ್ಬಿಯನ್ನು ಕರಗಿಸಿ, ನೀರು ಬೆರೆಸಿ, ಶರಬತ್ತೆಂದು ಕುಡಿದು ಮುಗಿಸಿದೆವು.