ಶಅಬಾನ್ ಉಪವಾಸಕ್ಕೆ ಕ್ರಾಫರ್ಡ್ ಮಾರ್ಕೆಟ್ ಖರ್ಜೂರ: ಯಾವುದು ತರಬೇಕು, ಎಷ್ಟು ಸಾಕು

ಮುಂಬೈಯಲ್ಲಿ ಖರ್ಜೂರ ಕೊಳ್ಳಲು ಕ್ರಾಫರ್ಡ್ ಮಾರ್ಕೆಟ್ ಒಳ್ಳೆಯ ಜಾಗವೇ, ಹೋಗುವ ಹೊತ್ತು ಸರಿಯಾಗಿದ್ದರೆ. ರಮಝಾನಿನ ಹಿಂದಿನ ವಾರ ಅಲ್ಲಿ ನೂಕುನುಗ್ಗಲು, ಹಣ್ಣು ಬಿಡಿಸಿ ತೋರಿಸಲು ಅಂಗಡಿಯವರಿಗೆ ಪುರುಸೊತ್ತಿರುವುದಿಲ್ಲ. ರಮಝಾನಿನ ಹಿಂದಿನ ತಿಂಗಳಾದ ಶಅಬಾನ್ ಶುರುವಾಗುತ್ತಿದ್ದಂತೆ ಹೋದರೆ ತಳಿಗೊಂದರಂತೆ ರುಚಿ ನೋಡಿ, ಚೌಕಾಸಿ ಮಾಡಿ ತರಬಹುದು.

ಶಅಬಾನಿನ ಸುನ್ನತ್ (ಕಡ್ಡಾಯವಲ್ಲದ) ಉಪವಾಸಕ್ಕೆ ಬೇಕಾದ ಖರ್ಜೂರವೇ ಬೇರೆ. ರಮಝಾನಿನಲ್ಲಿ ಯಾವ ಮಸೀದಿಗೆ ಹೊಕ್ಕರೂ ಇಫ್ತಾರ್ ಸಿಗುತ್ತದೆ, ಲೋಕಲ್ ಟ್ರೇನಿನಲ್ಲಿ ಪಕ್ಕದವರೇ ಕೈಗೆ ಹಣ್ಣು ಇಡುತ್ತಾರೆ. ಶಅಬಾನಿನ ಒಂದು ಸೋಮವಾರ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ಬಾಂಗಿನ ಹೊತ್ತಿಗೆ ಕುರ್ಲಾ ದಾಟುತ್ತಿರುವವರಿಗೆ ಸ್ವಂತ ಡಬ್ಬಿಯೇ ಗತಿ. ಇಡೀ ದಿನ ಬ್ಯಾಗಿನಲ್ಲಿದ್ದರೂ ಹಣ್ಣು ಜಜ್ಜಿಹೋಗಬಾರದು, ಬೆರಳಿಗೆ ಅಂಟಬಾರದು.

ಈ ಲೆಕ್ಕದಲ್ಲಿ ಕಲ್ಮಿಯೇ ಗೆಲ್ಲುತ್ತದೆ. ಸಫಾವಿ ಎಂದರೂ ಇದೇ. ಮದೀನಾ ಕಡೆಯ ಬೆಳೆ, ಉದ್ದ, ಕಪ್ಪುಗಂದು, ತಿರುಳು ಅರೆಮೆತ್ತಗೆ. ಮಬ್ರೂಮ್ ಇನ್ನೂ ಗಟ್ಟಿ, ಚೆನ್ನಾಗಿ ಅಗಿಯಬೇಕು. ಒಣಗಿದ ಬಾಯಿಗೆ ಅಷ್ಟು ಹಿತವಲ್ಲ. ಅಜ್ವಾದ ಹಿರಿಮೆ ಹದೀಸಿನಲ್ಲಿರುವುದು ನಿಜ, ಆದರೆ ಉಪವಾಸ ತೊರೆಯಲು ಅದೇ ಬೇಕೆಂದೇನಿಲ್ಲ. ಖರ್ಜೂರವೇ ಸಿಗದಿದ್ದರೆ ಒಂದು ಗುಟುಕು ನೀರೂ ಆಗುತ್ತದೆ. ಅಜ್ವಾಕ್ಕೆಂದು ಅಷ್ಟು ದುಡ್ಡು ಸುರಿಯುವ ಅಗತ್ಯ ನಮಗಂತೂ ಕಾಣಲಿಲ್ಲ. ಮೆಡ್ಜೂಲ್ ನೋಡಲು ಭರ್ಜರಿ. ಆದರೆ 24 ಗ್ರಾಮಿನ ಒಂದೇ ಹಣ್ಣಿನಲ್ಲಿ ಸುಮಾರು 18 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಮೂರು ತಿಂದರೆ 54. ಸಕ್ಕರೆ ಕಾಯಿಲೆಯವರು ಒಂದಕ್ಕೇ ನಿಲ್ಲಿಸಬೇಕು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ನಫಿಲ್ (ಐಚ್ಛಿಕ) ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕಾಣಬೇಕು. ರಕ್ತದ ಸಕ್ಕರೆ (mg/dL ಲೆಕ್ಕದಲ್ಲಿ) 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡುವುದೇ ಸರಿ.

ಇನ್ನು ಕೀಮಿಯಾ. ಇರಾನಿನ ಬಾಮ್ ಕಡೆಯ ಮಜಾಫತಿ ತಳಿ, ಬಾಯಲ್ಲಿಟ್ಟರೆ ಕರಗುತ್ತದೆ. ತೇವಾಂಶ ಹೆಚ್ಚಿರುವುದರಿಂದ ಫ್ರಿಜ್ಜಿನಲ್ಲೇ ಇರಬೇಕು. ಮುಂಬೈಯ ಸೆಖೆಯಲ್ಲಿ ಹೊರಗಿಟ್ಟರೆ ಹುಳಿಯುತ್ತದೆ. ಅಂಗಡಿಯ ಮುಂದೆ ಬಿಸಿಲಿಗೆ ಪೇರಿಸಿಟ್ಟ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡ. ಮುಚ್ಚಳ ಉಬ್ಬಿದ್ದರೆ, ಹೆಂಡದಂಥ ವಾಸನೆ ಬಂದರೆ ಅದು ಕೆಟ್ಟಿದೆ.

ಕಲ್ಮಿಯನ್ನೂ ಕಣ್ಣುಮುಚ್ಚಿ ತರಬೇಡಿ. ಒಂದೆರಡನ್ನು ಉದ್ದಕ್ಕೆ ಸೀಳಿ ಬೀಜದ ಸುತ್ತ ನೋಡಿ: ಕಪ್ಪು ಪುಡಿ, ನೂಲಿನಂಥ ಎಳೆ ಇದ್ದರೆ ಹುಳು ಬಿದ್ದಿದೆ. ಮೇಲೆ ಅತಿಯಾದ ಹೊಳಪಿದ್ದು ಅಂಟಂಟಾಗಿದ್ದರೆ ಪಾಕ ಸವರಿರಬಹುದು. ಸಿಪ್ಪೆಯ ಕೆಳಗೆ ಬಿಳಿ ಹರಳು ಕಟ್ಟಿದ್ದರೆ ಹೆದರಬೇಕಿಲ್ಲ, ಹಣ್ಣಿನ ಸಕ್ಕರೆಯೇ ಗಟ್ಟಿಯಾದದ್ದು. ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಸರಿಹೋಗುತ್ತದೆ. ಬೂಸ್ಟು ಹಾಗಲ್ಲ, ಮುಟ್ಟಿದರೆ ಪುಡಿಪುಡಿಯಾಗಿ ಮುಗ್ಗಲು ವಾಸನೆ ಬರುತ್ತದೆ. ತೂಗುವಾಗ ಡಬ್ಬಿಯ ತೂಕ ಕಳೆಯಲು ಹೇಳಿ. ಹೇಳದಿದ್ದರೆ ಕಳೆಯುವವರು ಕಡಿಮೆ.

ಒಬ್ಬರಿಗೆ ಅರ್ಧ ಕೆಜಿ ಸಾಕು. ಸೋಮವಾರ, ಗುರುವಾರಗಳ ಜೊತೆ ಶಅಬಾನಿನ 13, 14, 15ನೇ ದಿನ ಹಿಡಿದರೆ ತಿಂಗಳ ಮೊದಲರ್ಧದಲ್ಲಿ ಆರೇಳು ಉಪವಾಸ. ಇಫ್ತಾರಿಗೆ ಮೂರು, ನಸುಕಿನ ಊಟವಾದ ಸಹರಿಗೆ ಎರಡು ಎಂದರೂ 35 ಹಣ್ಣು ದಾಟದು.

15ರ ನಂತರ ಎಷ್ಟು ಬೇಕೆಂಬುದು ನೀವು ನಡೆಯುವ ಧರ್ಮಶಾಸ್ತ್ರ ಪಂಥ, ಅಂದರೆ ಮದ್‌ಹಬ್ ಮೇಲೆ ನಿಂತಿದೆ. ಶಾಫಿಈಗಳು, ಅಂದರೆ ಕರಾವಳಿಯ ಬ್ಯಾರಿ, ನವಾಯತರಲ್ಲಿ ಬಹುತೇಕರು, ದ್ವಿತೀಯಾರ್ಧದಲ್ಲಿ ಹೊಸದಾಗಿ ನಫಿಲ್ ಶುರುಮಾಡುವಂತಿಲ್ಲ. ಮೊದಲಿಂದ ರೂಢಿಯಿದ್ದರೆ, 15ಕ್ಕೆ ಜೋಡಿಸಿಕೊಂಡೇ ಹಿಡಿಯುತ್ತ ಹೋದರೆ, ಖಝಾ (ತಪ್ಪಿದ ಕಡ್ಡಾಯ ಉಪವಾಸ) ಬಾಕಿಯಿದ್ದರೆ ಅಡ್ಡಿಯಿಲ್ಲ. ಹನಫಿಗಳಿಗೆ ಈ ಕಟ್ಟಿಲ್ಲ. ರಮಝಾನಿಗೆ ತಾಗಿದ ಕೊನೆಯ ಒಂದೆರಡು ದಿನ ಮಾತ್ರ ರೂಢಿಯಿಲ್ಲದ ಯಾರೂ ಹಿಡಿಯಬಾರದು. ಕಳೆದ ವರ್ಷದ್ದು ಬಾಕಿಯಿರುವವರು ಮೊದಲು ಅದನ್ನೇ ತೀರಿಸಿಕೊಳ್ಳಲಿ. ಖಝಾಕ್ಕೆ ರಾತ್ರಿಯೇ ನಿಯ್ಯತ್ (ಸಂಕಲ್ಪ) ಆಗಬೇಕು. ನಫಿಲಿಗೆ, ಏನೂ ತಿಂದು ಕುಡಿದಿಲ್ಲದಿದ್ದರೆ, ಬೆಳಗಾದ ಮೇಲೆಯೂ ಆಗುತ್ತದೆ. ಸಮಯಕ್ಕೆ ಮುಂಬೈ ಕ್ಯಾಲೆಂಡರನ್ನೇ ನೋಡಿ. ಊರಿನಿಂದ ಬಂದ ಮಂಗಳೂರು ಕ್ಯಾಲೆಂಡರಿನ ಸಹರಿ, ಇಫ್ತಾರ್ ಹೊತ್ತು ಇಲ್ಲಿಗೆ ಹೊಂದುವುದಿಲ್ಲ.

ಮೊದಲ ಉಪವಾಸದ ಮಧ್ಯಾಹ್ನ ತಲೆ ಸಿಡಿದರೆ ಖರ್ಜೂರವನ್ನು ದೂರಬೇಡಿ. ಬಹುಪಾಲು ಕಟಿಂಗ್ ಚಹಾ ತಪ್ಪಿದ್ದರ ನೋವು ಅದು, ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಉಪವಾಸವಿಲ್ಲದ ದಿನಗಳಲ್ಲೂ ಎರಡು ಮೂರು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡುತ್ತ ಬಂದರೆ ರಮಝಾನಿನ ಮೊದಲ ವಾರ ಹಗುರ.

ರಮಝಾನಿಗೆಂದು ಮಸ್ಜಿದ್ ಬಂದರಿನ ಸಗಟು ಅಂಗಡಿಗಳಿಂದ ಇಡೀ ಪೆಟ್ಟಿಗೆ ತರುವ ಆಲೋಚನೆಯಿದ್ದರೆ ಬಿಲ್ಡಿಂಗಿನ ಮೂರ್ನಾಲ್ಕು ಮನೆಯವರು ಸೇರಿಕೊಳ್ಳಿ. ಕೀಮಿಯಾವಾದರೆ ಫ್ರಿಜ್ಜಿನಲ್ಲಿ ಜಾಗ ಮಾಡಿಟ್ಟೇ ಹೊರಡಿ.