ಯುದ್ಧಕಾಲದಲ್ಲಿ ವಸ್ತುಸಂಗ್ರಹಾಲಯ ನಡೆಸುವುದು: ರಾಯಚೂರಿನ ಒಂದು ದಿನದ ತರಬೇತಿ ಹೇಗಿತ್ತು?

2025ರ ಮೇ ತಿಂಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗಾಗಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರಿನ ಹೆಸರನ್ನು ಕಂಡು ನಮ್ಮೂರಿನ ಅನೇಕರಿಗೆ ಅಚ್ಚರಿಯಾಗಿತ್ತು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ನೆನಪಿಗೆ ಬಂದ ಮೇಲೆ ಆ ಅಚ್ಚರಿ ಇಳಿಯಿತು. ಆದರೆ ಒಂದು ಸಣ್ಣ ಸಾರ್ವಜನಿಕ ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹದ ಉಸ್ತುವಾರಿ ನೋಡಿಕೊಳ್ಳುವ ನನಗೆ ಬೇರೊಂದು ಚಿಂತೆ ಹತ್ತಿಕೊಂಡಿತು: ನಿಜವಾಗಿಯೂ ಸೈರನ್ ಕೂಗಿದರೆ ನಾವು ಮೊದಲು ಯಾವ ವಸ್ತುವಿಗೆ ಕೈ ಹಾಕಬೇಕು? ಈ ಚಿಂತೆ ತಲೆಯಲ್ಲಿದ್ದಾಗಲೇ, ಸಣ್ಣ ಸಂಗ್ರಹಾಲಯಗಳವರಿಗಾಗಿ ಒಂದು ದಿನದ ತರಬೇತಿ ನಡೆಯುತ್ತದೆಂಬ ಸುದ್ದಿ ಬಂತು. ಶುಲ್ಕ ತಲಾ 800 ರೂಪಾಯಿ, ಊಟ ಸೇರಿ. ನಾನು ಮತ್ತು ನಮ್ಮ ಕಾವಲುಗಾರರು ಇಬ್ಬರೂ ಹೋಗಿ ಬಂದೆವು. ಹೋಗಲಿಚ್ಛಿಸುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

ಬೆಳಗಿನ ಅವಧಿ ಇಡೀ ದಿನದ ಅತ್ಯುತ್ತಮ ಭಾಗವಾಗಿತ್ತು. ಕಲಿಸಿದವರು ಚಿತ್ರಗಳ ಸಂರಕ್ಷಣೆಯಲ್ಲಿ ಪಳಗಿದ ಕೈಯವರು. ಭಾಷಣ ಬಿಗಿಯದೆ ನೇರವಾಗಿ ಮೇಜಿನ ಮೇಲೆ ಗಾಜು ಹಾಕಿದ ಒಂದು ಹಳೆಯ ಭಾವಚಿತ್ರವನ್ನಿಟ್ಟು, ಅದನ್ನು ಮೂವತ್ತು ನಿಮಿಷದೊಳಗೆ ಪೆಟ್ಟಿಗೆಗೆ ಸೇರಿಸುವ ಕೆಲಸವನ್ನು ನಮ್ಮಿಂದಲೇ ಮಾಡಿಸಿದರು. ಗಾಜು ಒಡೆದರೂ ಚೂರುಗಳು ಬಣ್ಣದ ಮೇಲೆ ಬೀಳದಂತೆ ಮೊದಲು ಗಾಜಿನ ತುಂಬ ಅಡ್ಡಡ್ಡವಾಗಿ ಟೇಪು ಅಂಟಿಸಬೇಕು. ಆಮೇಲೆ ಚೆನ್ನಾಗಿ ಒಗೆದು ಗಂಜಿ ತೆಗೆದ ಬಿಳಿ ಹತ್ತಿಬಟ್ಟೆ ಸುತ್ತಬೇಕು. ಬಬಲ್ ರ‍್ಯಾಪ್ ಹಾಕುವುದಿದ್ದರೆ ಗುಳ್ಳೆಗಳು ಹೊರಮುಖವಾಗಿರಬೇಕು. ಗುಳ್ಳೆಗಳು ಒಳಮುಖವಾಗಿ ತೈಲಚಿತ್ರಕ್ಕೆ ತಾಗಿದರೆ, ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮೆದುವಾದ ವಾರ್ನಿಶ್ ಮೇಲೆ ಅವುಗಳ ಗುರುತು ಮೂಡಿಬಿಡುತ್ತದೆಯಂತೆ. ಇದನ್ನು ಕೇಳಿ ನನಗೆ ಸ್ವಲ್ಪ ಮುಖ ಸಣ್ಣದಾಯಿತು, ಏಕೆಂದರೆ ನಮ್ಮ ಉಗ್ರಾಣದಲ್ಲಿ ಎರಡು ಚಿತ್ರಗಳು ಹಾಗೆಯೇ ಮಲಗಿವೆ. ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ಭತ್ತದ ಹೊಟ್ಟನ್ನು ಪೆಟ್ಟಿಗೆಗೆ ತುಂಬಬಹುದೇ ಎಂದು ಒಬ್ಬರು ಕೇಳಿದಾಗ, ಕಲ್ಲಿನ ವಿಗ್ರಹಕ್ಕೆ ನಾಲ್ಕು ದಿನದ ಮಟ್ಟಿಗೆ ಸರಿ, ಕಾಗದ ಮತ್ತು ಬಟ್ಟೆಯ ಹತ್ತಿರ ಸುಳಿಯಬಾರದು, ಹುಳು ಬರುತ್ತದೆ ಎಂಬ ಖಚಿತ ಉತ್ತರ ಸಿಕ್ಕಿತು.

ಆದ್ಯತೆಯ ಪಟ್ಟಿ ಮಾಡುವುದನ್ನು ಪ್ಯಾರಿಸ್ಸಿನ ಲೂವ್ರ್ ಉದಾಹರಣೆಯಿಂದ ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರ ಆಗಸ್ಟ್ 25ರಂದು, ದುರಸ್ತಿಯ ನೆಪ ಹೇಳಿ ಆ ಸಂಗ್ರಹಾಲಯದ ಬಾಗಿಲು ಹಾಕಲಾಯಿತು. ಝಾಕ್ ಝೋಝಾರ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸಿಬ್ಬಂದಿ ಹಗಲಿರುಳು ದುಡಿದು ಕಲಾಕೃತಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿದರು. ಮಹತ್ವಕ್ಕೆ ತಕ್ಕಂತೆ ಪೆಟ್ಟಿಗೆಗಳ ಮೇಲೆ ಹಳದಿ, ಹಸಿರು, ಕೆಂಪು ಚುಕ್ಕೆಗಳನ್ನಿಟ್ಟರು. ಮೋನಾ ಲೀಸಾ ಇದ್ದ ಪೆಟ್ಟಿಗೆಗೆ ಮೂರು ಕೆಂಪು ಚುಕ್ಕೆಗಳು ಬಿದ್ದವು. ನಮ್ಮನಮ್ಮ ಸಂಗ್ರಹದ ಪಟ್ಟಿಯ ಮೇಲೆ ಇದೇ ಬಣ್ಣಗಳನ್ನು ಹಚ್ಚಲು ಹೇಳಿದಾಗ ಎಲ್ಲರೂ ಹತ್ತರಲ್ಲಿ ಎಂಟು ವಸ್ತುಗಳಿಗೆ ಕೆಂಪನ್ನೇ ಇಟ್ಟಿದ್ದೆವು! ನಮ್ಮ ಕಾವಲುಗಾರರು ಮಾತ್ರ ನನ್ನ ಪಟ್ಟಿ ನೋಡಿ, "ಸರ, ಇಷ್ಟೂ ಎತ್ತಾಕ ನಾವ್ ಇರೋದು ಇಬ್ರೇ ಅಲ್ರೀ?" ಎಂದು ಮೆಲ್ಲಗೆ ಕೇಳಿದರು. ಅವರನ್ನು ಕರೆದುಕೊಂಡು ಹೋದದ್ದು ಸಾರ್ಥಕವಾಯಿತು.

ಸಾಗಿಸಿದ ವಸ್ತುಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೂ ಒಳ್ಳೆಯ ಉತ್ತರ ದೊರೆಯಿತು. 1942ರಲ್ಲಿ ಜಪಾನಿ ಬಾಂಬ್ ದಾಳಿಯ ಭಯದಿಂದ ಕಲ್ಕತ್ತೆಯ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆ ತನ್ನ ಸಂಗ್ರಹವನ್ನು ವಾರಾಣಸಿಗೆ ಸಾಗಿಸಿತು. ಮರುವರ್ಷ ವರುಣಾ ನದಿ ಉಕ್ಕಿ ಆ ಕಟ್ಟಡಕ್ಕೇ ನೀರು ನುಗ್ಗಿ, ಬಾಂಬಿನಿಂದ ಉಳಿದ ಮಾದರಿಗಳು ಪ್ರವಾಹದಲ್ಲಿ ಹಾಳಾದವು. ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಕೂತಿರುವ, 2009ರ ನೆರೆಯನ್ನು ಕಂಡಿರುವ ನಮಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೆಲಮಾಳಿಗೆಯೇ ಸುರಕ್ಷಿತವೆಂದು ನಂಬಿದ್ದ ಇಬ್ಬರು ಅಲ್ಲಿಯೇ ತಮ್ಮ ಯೋಜನೆಯನ್ನು ಹೊಡೆದುಹಾಕಿದರು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಸೇಂಗಾ ಚಟ್ನಿ ಇದ್ದವು. ದೂರಲು ಏನೂ ಇಲ್ಲ.

ಮಧ್ಯಾಹ್ನದ ಅವಧಿಯ ಬಗ್ಗೆ ಇದೇ ಮಾತು ಹೇಳಲಾರೆ. ಕರಪತ್ರದಲ್ಲಿ 'ಸಂಗ್ರಹಾಲಯವನ್ನು ನಡೆಸುವುದು' ಎಂದು ಅಚ್ಚಾಗಿತ್ತು. ಕಲಿಸಿದ್ದೆಲ್ಲ ಅದನ್ನು ಖಾಲಿ ಮಾಡುವುದು. ಸಾಂಸ್ಕೃತಿಕ ಆಸ್ತಿಯ ರಕ್ಷಣೆಗಾಗಿರುವ 1954ರ ಹೇಗ್ ಒಪ್ಪಂದ, ಅದರ ನೀಲಿ ಗುರಾಣಿಯ ಚಿಹ್ನೆ ಮೊದಲಾದವನ್ನು ಪರದೆಯ ಮೇಲೆ ಓದಿ ಮುಗಿಸಿದರು. ಜನರಿಗಾಗಿ ಇರುವ ಸಂಸ್ಥೆಯೊಂದು ವಸ್ತುಗಳನ್ನು ಬಚ್ಚಿಟ್ಟ ಮೇಲೆ ಏನು ಮಾಡಬೇಕು, ಸಿಬ್ಬಂದಿಯನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಬಾಗಿಲನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂಬ ವಿಷಯಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ.

ಇದು ಸಣ್ಣ ಕೊರತೆಯಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಹೆಸರನ್ನು ಬೆಳಿಗ್ಗೆ ಅವರೇ ಎತ್ತಿದ್ದರು. ಯುದ್ಧ ಘೋಷಣೆಯಾಗುವ ಹೊತ್ತಿಗೆ ಅಲ್ಲಿನ ಚಿತ್ರಗಳನ್ನು ಹೊರಗೆ ಸಾಗಿಸಿಯಾಗಿತ್ತು. ಕೆನಡಾಕ್ಕೆ ಕಳುಹಿಸುವ ಆಲೋಚನೆಯನ್ನು ಚರ್ಚಿಲ್ ತಳ್ಳಿಹಾಕಿದ ಮೇಲೆ, 1941ರಿಂದ ವೇಲ್ಸ್‌ನ ಮಾನೊಡ್ ಎಂಬ ಸ್ಲೇಟುಕಲ್ಲಿನ ಗಣಿಯೊಳಗೆ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ ಅಲ್ಲಿಡಲಾಯಿತು. ತಾಪ ಮತ್ತು ತೇವಾಂಶ ಸದಾ ಒಂದೇ ಸಮನಾಗಿದ್ದ ಆ ಗುಹೆಯಲ್ಲಿ ಚಿತ್ರಗಳು ಲಂಡನ್ನಿಗಿಂತ ಚೆನ್ನಾಗಿಯೇ ಉಳಿದವು. ಇಷ್ಟನ್ನು ಹೇಳಿ ನಿಲ್ಲಿಸಿದರು. ಉಳಿದರ್ಧ ಕಥೆ ಆ ಖಾಲಿ ಕಟ್ಟಡದೊಳಗೆ ನಡೆದದ್ದು. 1939ರ ಅಕ್ಟೋಬರ್ 10ರಿಂದ ಪಿಯಾನೋ ವಾದಕಿ ಮೈರಾ ಹೆಸ್ ಅವರ ಮುಂದಾಳತ್ವದಲ್ಲಿ ವಾರದ ದಿನಗಳಲ್ಲಿ ಮಧ್ಯಾಹ್ನದ ಸಂಗೀತ ಕಚೇರಿಗಳು ಆರಂಭವಾದವು. ಪ್ರವೇಶಕ್ಕೆ ಒಂದು ಶಿಲಿಂಗ್. ಗ್ಯಾಲರಿಯ ಮೇಲೆಯೇ ಬಾಂಬುಗಳು ಬಿದ್ದರೂ ಕಚೇರಿಗಳು ನಿಲ್ಲಲಿಲ್ಲ, ಸುರಕ್ಷಿತ ಕೋಣೆಗಳಿಗೆ ಸ್ಥಳ ಬದಲಾಯಿಸಿಕೊಂಡು ನಡೆದವು. 1946ರವರೆಗೆ ಒಟ್ಟು 1,698 ಆದವು. ನಮಗೆ ಒಂದಾದರೂ ಚಿತ್ರ ನೋಡಲು ಬಿಡಿ ಎಂದು ಜನ ಕೇಳಿದಾಗ, ನಿರ್ದೇಶಕ ಕೆನೆತ್ ಕ್ಲಾರ್ಕ್ 1942ರಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತರಿಸಿ ತೂಗುಹಾಕುವ ಪದ್ಧತಿ ಮಾಡಿದರು. ಮುತ್ತಿಗೆಗೆ ಸಿಕ್ಕ ರಷ್ಯಾದ ಲೆನಿನ್‌ಗ್ರಾಡಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಂತೂ ಚಿತ್ರಗಳು ಹೋದ ಮೇಲೆ ಖಾಲಿ ಚೌಕಟ್ಟುಗಳನ್ನು ಗೋಡೆಯ ಮೇಲೆಯೇ ಬಿಟ್ಟಿದ್ದರು. ಮಾರ್ಗದರ್ಶಿಯೊಬ್ಬರು ಸೈನಿಕರನ್ನು ಆ ಚೌಕಟ್ಟುಗಳ ಮುಂದೆ ನಿಲ್ಲಿಸಿ, ಅಲ್ಲಿ ಯಾವ ಚಿತ್ರವಿತ್ತು, ಹೇಗಿತ್ತು ಎಂದು ನೆನಪಿನಿಂದಲೇ ಬಣ್ಣಿಸಿದರು. ತಿಂಗಳಿಗೊಂದು ಚಿತ್ರ ಎಂಬ ಯೋಜನೆಯನ್ನು ನಮ್ಮಂಥ ಇಬ್ಬರು ಸಿಬ್ಬಂದಿಯ ಸಂಗ್ರಹಾಲಯವೂ ನಡೆಸಬಲ್ಲದು. ಮಧ್ಯಾಹ್ನ ಕಲಿಸಬೇಕಿದ್ದದ್ದು ಇಂಥದ್ದನ್ನು.

ಇನ್ನೊಂದು ಆಕ್ಷೇಪಣೆಯಿದೆ. ಭಾರವಾದ ವಸ್ತುಗಳ ಸಾಗಣೆಯ ಬಗ್ಗೆ ಮಾತನಾಡುವಾಗ ಲೂವ್ರ್‌ನ ಮೆಟ್ಟಿಲ ಮೇಲಿಂದ ರೆಕ್ಕೆಯ ವಿಜಯದೇವತೆಯ ಶಿಲ್ಪವನ್ನು ಮರದ ಇಳಿಜಾರಿನಲ್ಲಿ ಇಳಿಸಿದ ಪ್ರಸಂಗವನ್ನು ತೋರಿಸಿದರು, ಸಂತೋಷ. ಆದರೆ ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲೇ ನಲವತ್ತೊಂದು ಅಡಿಗೂ ಉದ್ದದ ಒಂದು ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದೆ. ಪಕ್ಕದಲ್ಲೇ ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆದು ತರುತ್ತಿರುವ ಚಿತ್ರವನ್ನೂ ಕೆತ್ತಿದ್ದಾರೆ. ಭಾರ ಸಾಗಿಸಿದ್ದರ ದಾಖಲೆ ಇಷ್ಟು ಹತ್ತಿರ, ಕಲ್ಲಿನಲ್ಲೇ ಇರುವಾಗ, ಊಟದ ನಂತರ ಎಲ್ಲರನ್ನೂ ಕೋಟೆಗೆ ಕರೆದೊಯ್ದಿದ್ದರೆ ಆ ಪರದೆಯ ಪಾಠದ ಜೊಂಪಾದರೂ ತಪ್ಪುತ್ತಿತ್ತು. ಇದಲ್ಲದೆ ಮಸ್ಕಿಯ ಅಶೋಕ ಶಾಸನದಂತೆ, ಕೊಪ್ಪಳದ ಗವಿಮಠದ ಶಾಸನದಂತೆ ಬಂಡೆಗೇ ಅಂಟಿಕೊಂಡದ್ದನ್ನು ಪೆಟ್ಟಿಗೆಗೆ ಹಾಕಲಾಗದು. ಅಂಥವುಗಳಿಗೆ ಮರಳುಚೀಲವೇ, ಮುಚ್ಚಿಗೆಯೇ, ಅಚ್ಚು ತೆಗೆದಿಡುವುದೇ ಎಂಬ ನನ್ನ ಪ್ರಶ್ನೆಗೆ 'ಮುಂದಿನ ಸಲ ನೋಡೋಣ' ಎಂಬ ಉತ್ತರ ಬಂತು.

ಚಿತ್ರ ಕಟ್ಟುವ ಕೈಕೆಲಸಕ್ಕೆ 800 ರೂಪಾಯಿ ಹೆಚ್ಚೇನಲ್ಲ. ಬೆಳಗಿನ ಅವಧಿಗೆ ಕಣ್ಣುಮುಚ್ಚಿ ಹೋಗಬಹುದು. ಹೋಗುವವರು ತಮ್ಮ ವಸ್ತುಗಳ ಫೋಟೋ, ಅಳತೆ, ತೂಕದ ಪಟ್ಟಿಯನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಬೇಕು, ಇಲ್ಲದಿದ್ದರೆ ಬಣ್ಣದ ಚುಕ್ಕೆಯ ಅಭ್ಯಾಸ ಬರಿಯ ಆಟವಾಗುತ್ತದೆ. ಜೊತೆಗೆ ನಿಮ್ಮ ಕಾವಲುಗಾರರನ್ನೂ ಕರೆದುಕೊಂಡು ಹೋಗಿ. ನಮ್ಮವರು ಮರುದಿನವೇ ಉಗ್ರಾಣಕ್ಕಿಳಿದು, ಆ ಎರಡು ಚಿತ್ರಗಳ ಬಬಲ್ ರ‍್ಯಾಪ್ ಬಿಚ್ಚಿಸಿದರು. ಒಂದರ ಮೇಲೆ ಗುರುತು ಬಿದ್ದಿದೆ.